ಕತ್ತರಿ ಹಾಕುವ ಮೊದಲು

ಟೈಲರಕ್ಕ ಬಟ್ಟೆಗೆ ಕತ್ತರಿ ಹಾಕುವ ಮೊದಲು ದೇವರ ಜೊತೆ ಎರಡು ಮಾತಾಡುತ್ತಾಳೆಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಬಲಗೈಯಲ್ಲಿ ಕತ್ತರಿ ಹಿಡಿದು, ಎಡಗೈಯನ್ನು ಅಗಲಿಸಿ ಬಟ್ಟೆಯ ಮೇಲಿಟ್ಟು, ಕಣ್ಣು ಮುಚ್ಚಿ, "ದೇವರೇ, ಇದು ಅಂಚೆಯವನ ಅಂಗಿ. ಅವನಿಗೆ ಈ ವರ್ಷಕ್ಕೆ ಇದೊಂದೇ ಹೊಸದು. ಕೈ ತಪ್ಪದ ಹಾಗೆ ನೋಡ್ಕೋ" ಎನ್ನುತ್ತಿದ್ದಳು. ಮನಸ್ಸಿನೊಳಗೇ ಅಂದುಕೊಳ್ಳುವ ಪೈಕಿಯಲ್ಲ ಅವಳು. ಇಪ್ಪತ್ತೆಂಟು ವರ್ಷ ಹೊಲಿಗೆ ಮಷೀನಿನ ಗಡಗಡದ ಪಕ್ಕ ಕೂತು ಕೂತು ಅವಳ ಗಂಟಲು ತಗ್ಗುವುದನ್ನೇ ಮರೆತಿತ್ತು. ಪ್ರಾರ್ಥನೆ ಪಕ್ಕದ ಅಂಗಡಿಗೂ ಕೇಳುತ್ತಿತ್ತು. ಯಾರ ಬಟ್ಟೆ ಯಾವತ್ತು ಕತ್ತರಿಗೆ ಬಂತೆಂದು ಜನ ತಿಳಿದುಕೊಳ್ಳುತ್ತಿದ್ದುದೂ ಹಾಗೆಯೇ.

ಹೋದ ಚುನಾವಣೆಯಲ್ಲಿ ಅವಳು ಪಂಚಾಯಿತಿಗೆ ಆರಿಸಿ ಬಂದಳು. ಒಟ್ಟು ಐದು ಜನ ಸದಸ್ಯರು. ನಿವೃತ್ತ ಮೇಷ್ಟ್ರು ಅಧ್ಯಕ್ಷರಾಗುವುದು ಹಿಟ್ಟಿನ ಗಿರಣಿಯವನಿಗೆ ಬೇಡ, ಗಿರಣಿಯವನು ಆಗುವುದು ಮೇಷ್ಟ್ರಿಗೆ ಬೇಡ. ಬಡಗಿಯದು ಮಾತು ಬಲು ಕಡಿಮೆ. ಕುರಿಯವನಿಗೆ ಕುರ್ಚಿಯಲ್ಲಿ ಅರ್ಧ ಗಂಟೆ ಕೂತರೆ ನಿದ್ದೆ. ಹೀಗೆ ಎಲ್ಲರನ್ನೂ ಸೋಸಿ ಉಳಿದದ್ದು ಟೈಲರಕ್ಕ. ಅಧ್ಯಕ್ಷೆಯ ಕುರ್ಚಿಯಲ್ಲಿ ಮೊದಲ ದಿನ ಕೂತಾಗ, ನಡಾವಳಿ ಪುಸ್ತಕದ ಮೇಲೆ ಎಡಗೈ ಅಗಲಿಸಿಟ್ಟು, ಪೆನ್ನನ್ನು ಕತ್ತರಿಯ ಹಾಗೆ ಎತ್ತಿ ಹಿಡಿದು, ಕಣ್ಣು ಮುಚ್ಚಿದಳು. "ದೇವರೇ, ಈ ಕೆಲಸ ನನಗೆ ಹೊಸದು. ಗಿರಣಿಯಣ್ಣನ ಮಾತು ಊಟದ ಹೊತ್ತಿನೊಳಗೆ ಮುಗೀಲಿ. ಮೇಷ್ಟ್ರ ಕೋಪ ಅವರ ಮೂಗಿನ ತುದಿಯಿಂದ ಕೆಳಗಿಳೀಲಿ" ಅಂದಳು. ಗಿರಣಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಮೇಷ್ಟ್ರು ಮೂಗು ಮುಟ್ಟಿ ನೋಡಿಕೊಂಡರು.

ಮೇಷ್ಟ್ರಿಗೆ ದೇವರ ಗೊಡವೆ ಇರಲಿಲ್ಲ. ಆದರೂ ಆರು ತಿಂಗಳು ಸುಮ್ಮನಿದ್ದರು. ಟೈಲರಕ್ಕ ಅವರ ಹತ್ತಿರವೇ ಮೂರನೇ ಕ್ಲಾಸು ಓದಿದವಳು, ಆಗಲೂ ಮಗ್ಗಿ ಹೇಳುವ ಮುಂಚೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು ಎನ್ನುವುದು ಅವರಿಗೆ ನೆನಪಿತ್ತು. ಅವರ ತಾಳ್ಮೆ ಕೆಟ್ಟದ್ದು ನೀರಿನ ಪೈಪಿನಿಂದ.

ಊರಿಗೆ ಎರಡೇ ಬೀದಿ. ನಡುವೆ ಬಾವಿ. ಬಾವಿಯಿಂದ ನಲ್ಲಿ ಎಳೆಯಲು ಆ ವರ್ಷ ಬಂದ ಪೈಪು ಒಂದು ಬೀದಿಗೆ ಮಾತ್ರ ಸಾಕಾಗುವಷ್ಟಿತ್ತು. ಕಚೇರಿಯ ಮುಂದೆ ರಾಶಿ ಬಿದ್ದಿದ್ದ ನೀಲಿ ಪೈಪುಗಳನ್ನು ಹೋಗುವವರು ಬರುವವರೆಲ್ಲ ಒಮ್ಮೆ ಮುಟ್ಟಿ ಹೋಗುತ್ತಿದ್ದರು. ಬುಧವಾರದ ಸಭೆಯಲ್ಲಿ ಗಿರಣಿಯವನೂ ಕುರಿಯವನೂ ಮೇಲಿನ ಬೀದಿಗೆ ಅಂದರು. ಬಡಗಿಯೂ ಮೇಷ್ಟ್ರೂ ಕೆಳಗಿನ ಬೀದಿಗೆ ಅಂದರು. ಮೇಷ್ಟ್ರ ಮನೆ ಇದ್ದದ್ದು ಮೇಲಿನ ಬೀದಿಯಲ್ಲೇ. ಗಿರಣಿಯವನು ಅದನ್ನೇ ಎತ್ತಿ ಆಡಿದ. "ಸ್ವಂತ ಮನೆಗೆ ನಲ್ಲಿ ಬೇಡ ಅನ್ನೋ ಮನುಷ್ಯನನ್ನ ನಾನು ಇವತ್ತೇ ನೋಡಿದ್ದು. ಮನೇಲಿ ನಿಮ್ಮ ಹೆಂಡತಿಗೆ ಗೊತ್ತಾ ಮೇಷ್ಟ್ರೇ?"

ಎರಡು, ಎರಡು. ತೀರ್ಮಾನ ಅಧ್ಯಕ್ಷೆಯ ತಲೆಗೆ ಬಂತು. ಟೈಲರಕ್ಕ ಎಂದಿನ ಹಾಗೆ ಕಣ್ಣು ಮುಚ್ಚಿದಳು. ಪುಸ್ತಕದ ಮೇಲೆ ಅಂಗೈ ಇಟ್ಟು, "ದೇವರೇ, ಯಾವುದು ಸರಿಯೋ ಅದನ್ನ ನನ್ನ ನಾಲಿಗೆಗೆ ತಂದು ಕೂರಿಸು" ಅಂದು, ಕಣ್ಣು ಬಿಟ್ಟು, "ಮೇಲಿನ ಬೀದಿ" ಎಂದುಬಿಟ್ಟಳು. ಗುಮಾಸ್ತ ಬರೆದುಕೊಂಡ. ಗಿರಣಿಯವನು ಮೇಜು ಕುಟ್ಟಿದ.

ಸಂಜೆಯ ಹೊತ್ತಿಗೆ ಗಿರಣಿಗೆ ಬಂದವರಿಗೆಲ್ಲ ಹಿಟ್ಟಿನ ಜೊತೆ ಸುದ್ದಿಯೂ ಸಿಕ್ಕಿತು. "ನಾನೇನೂ ಮಾಡ್ಲಿಲ್ಲ ಕಣ್ರಯ್ಯ. ಟೈಲರಕ್ಕ ದೇವರನ್ನೇ ಕೇಳಿದ್ಲು. ದೇವರೇ ಮೇಲಿನ ಬೀದಿ ಅಂದ. ನನ್ನ ಕಿವಿಯಾರೆ ಕೇಳಿದೀನಿ."

ಕೆಳಗಿನ ಬೀದಿಯವರು ಜಗಳಕ್ಕೆ ಬರುತ್ತಾರೆಂದು ಟೈಲರಕ್ಕ ಮಾರನೆಯ ದಿನವಿಡೀ ಕಾದಳು. ಯಾರೂ ಬರಲಿಲ್ಲ. ಮೂರನೆಯ ದಿನ ಆ ಬೀದಿಯ ಕೊನೆಯ ಮನೆಯ ಅಜ್ಜಿ ಹರಿದ ದಿಂಬಿನ ಚೀಲ ಹೊಲಿಸಲು ಬಂದಳು. ಹೆಗಲಿನ ಮೇಲೆ ಕೊಡ ಇಟ್ಟಿಟ್ಟು ಒಂದು ಭುಜ ಇನ್ನೊಂದಕ್ಕಿಂತ ತಗ್ಗಾಗಿದ್ದ ಮುದುಕಿ.

"ನೀರಿನ ವಿಷಯ ಏನಾದ್ರೂ ಅನ್ನಬೇಕಾಗಿತ್ತಾ ಅಜ್ಜಿ?" ಟೈಲರಕ್ಕ ತಾನೇ ಕೇಳಿದಳು.

"ಏನಂತ ಅನ್ನಲಿ ಮಗಳೇ. ನೀನಾಗಿದ್ರೆ ಎರಡು ಬೈದು ಹೋಗ್ತಿದ್ದೆ. ದೇವರೇ ಅಂದ ಮೇಲೆ ಮುಗೀತಲ್ಲ." ಅಜ್ಜಿ ಬೇಜಾರಿಲ್ಲದೆ ಹೇಳಿದಳು. "ನಮ್ಮ ಬೀದಿ ಅವನ ಕಣ್ಣಿಗೆ ಬಿದ್ದಿಲ್ಲ ಅಂತ ಕಾಣುತ್ತೆ. ದೂರ ಅಲ್ವಾ."

ಆ ಮಾತು ಟೈಲರಕ್ಕನಿಗೆ ಸೂಜಿ ಉಗುರಿನೊಳಗೆ ಹೋದಷ್ಟು ಚುಚ್ಚಿತು.

ಅದೇ ಮಧ್ಯಾಹ್ನ ಗುಮಾಸ್ತ ಒಂದು ಕಾಗದ ತಂದುಕೊಟ್ಟ. ಮೇಷ್ಟ್ರ ಕೈಬರಹ, ಒಂದು ಅಕ್ಷರವೂ ಗೆರೆ ಬಿಟ್ಟು ಕದಲಿರಲಿಲ್ಲ. ಸಭೆಯಲ್ಲಿ ಅಧ್ಯಕ್ಷರು ಪ್ರಾರ್ಥನೆ ಮಾಡುವುದನ್ನು ನಿಲ್ಲಿಸಬೇಕು, ಇಲ್ಲವಾದರೆ ಕುರ್ಚಿ ಬಿಡಬೇಕು, ಬರುವ ಬುಧವಾರ ಈ ಬಗ್ಗೆ ಮತ ಹಾಕಬೇಕು ಎಂದಿತ್ತು. ಹಿಂದೆಯೇ ಮೇಷ್ಟ್ರೂ ಬಂದರು. ಬಲಗಾಲನ್ನು ಎಳೆಯುತ್ತ ಬಂದು ಗಿರಾಕಿಗಳ ಬೆಂಚಿನ ಮೇಲೆ ಕೂತರು.

"ಕೋಪ ಮಾಡ್ಕೋಬೇಡಮ್ಮ. ನಿನ್ನ ದೇವರ ಮೇಲೆ ನನಗೇನೂ ಹಗೆಯಿಲ್ಲ. ಅವನ ಪರಿಚಯವೂ ಇಲ್ಲ. ಆದ್ರೆ ನೀನು ತಪ್ಪು ಮಾಡಿದ್ರೆ ನಿನ್ನ ಹತ್ರ ನಾನು ಜಗಳ ಆಡಬಹುದು. ಅವನ ಹತ್ರ ಹೇಗೆ ಆಡಲಿ? ಅವನನ್ನ ಯಾರು ಆರಿಸಿದ್ದು?"

"ಪ್ರಾರ್ಥನೆ ಬಿಟ್ರೆ ನನ್ನ ಕೈ ನಡುಗುತ್ತೆ ಮೇಷ್ಟ್ರೇ. ಸುಳ್ಳಲ್ಲ."

"ಗೊತ್ತು. ಮಗ್ಗಿ ಹೇಳುವಾಗಲೂ ನಡುಗ್ತಿತ್ತು" ಎಂದು ಮೇಷ್ಟ್ರು ಎದ್ದು ಹೋದರು.

ಅಂಗಡಿಯ ಮೂಲೆಯಲ್ಲಿ ಕಾಜ ಹೊಲಿಯುತ್ತ ಕೂತಿದ್ದ ನಾದಿನಿ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಅವಳ ಸೂಜಿಗಿಂತ ನಾಲಿಗೆ ಚೂಪು. ಹಲ್ಲಿನಿಂದ ದಾರ ಕಡಿದು, "ಅತ್ತಿಗೆ, ನಿಜ ಹೇಳಿ. ಅವತ್ತು ದೇವರು ಏನಾದ್ರೂ ಅಂದನಾ?" ಎಂದಳು.

ಟೈಲರಕ್ಕ ಟೇಪನ್ನು ಕೊರಳಿನಿಂದ ತೆಗೆದು ಸುತ್ತಿದಳು, ಬಿಚ್ಚಿದಳು. "ಏನೋ ಬಂದ ಹಾಗಾಯ್ತು."

"ಏನು ಬಂತು?"

"ಕಣ್ಣು ಬಿಟ್ಟೆ. ಎದುರಿಗೆ ಗಿರಣಿಯಣ್ಣ ಕೂತಿದ್ದ. ಹುಬ್ಬಿನ ಮೇಲೆಲ್ಲ ಹಿಟ್ಟು. ಮೇಲಿನ ಬೀದಿ ಅಂತ ಬಾಯಿಗೆ ಬಂತು."

ನಾದಿನಿ ನಗಲು ಶುರುಮಾಡಿದವಳು ಕಾಜವನ್ನು ಕೈಬಿಟ್ಟು ಗೋಡೆಗೆ ಒರಗಿದಳು. "ಮೇಷ್ಟ್ರು ಎದುರಿನ ಕುರ್ಚೀಲಿ ಕೂತಿದ್ರೆ ದೇವರು ಕೆಳಗಿನ ಬೀದಿ ಅಂತಿದ್ದ ಅನ್ನಿ."

ಟೈಲರಕ್ಕನಿಗೂ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಸುಮ್ಮನೆ ಕೂರಲಾಗದೆ ಕೆಲಸಕ್ಕೆ ಎದ್ದಳು. ಶಾಲೆಯ ಯೂನಿಫಾರ್ಮಿನ ಬಟ್ಟೆ ಮೇಜಿನ ಮೇಲೆ ಹಾಸಿದಳು. ಚೀಟಿ ನೋಡಿ ಎದೆ ಅಳತೆ ಹಾಕಿದಳು, ತೋಳು ಹಾಕಿದಳು, ಎರಡನೆಯ ಸಲ ಟೇಪು ಹಿಡಿದು ನೋಡಿದಳು, ಸೀಮೆಸುಣ್ಣದಿಂದ ಗೆರೆ ಎಳೆದಳು, ಮಡಿಕೆಗೆ ಎರಡು ಬೆರಳು ಬಿಟ್ಟಳು. ಆಮೇಲೆ ಕತ್ತರಿ ಎತ್ತಿ, ಅಂಗೈ ಇಟ್ಟು, ಕಣ್ಣು ಮುಚ್ಚಿ, "ದೇವರೇ" ಎಂದವಳು ಅಲ್ಲೇ ನಿಂತಳು.

ನಾದಿನಿ ತಲೆ ಎತ್ತಿ ನೋಡಿದಳು. ಕತ್ತರಿ ಬಾಯಿ ಬಿಟ್ಟುಕೊಂಡು ಗಾಳಿಯಲ್ಲೇ ಇತ್ತು.

"ಅಳತೆ ತಗೊಳ್ಳದೆ ನಾನು ಯಾವತ್ತಾದ್ರೂ ಇವನನ್ನ ಕರೆದಿದ್ದೀನೇನೇ?" ಅಂದಳು ಟೈಲರಕ್ಕ.

"ಇಲ್ಲ."

"ಪಂಚಾಯಿತೀಲಿ ಕರೆದೆ. ಟೇಪೇ ಮುಟ್ಟದೆ ಕತ್ತರಿ ಹಾಕಿಬಿಟ್ಟೆ."

ಮಾರನೆಯ ಬೆಳಗ್ಗೆ ಬಾವಿಯ ಹತ್ತಿರ ಜನ ಸೇರಿದ್ದ ಹೊತ್ತಿಗೆ ಇಬ್ಬರೂ ಅಂಗಡಿಯಿಂದ ಹೊರಟರು. ಟೈಲರಕ್ಕನ ಟೇಪು ಮನುಷ್ಯರ ಅಳತೆಯದು, ಬೀದಿಗೆ ಸಾಲುವುದಿಲ್ಲ. ಅದಕ್ಕೆ ಡಬ್ಬದಲ್ಲಿದ್ದ ಹೊಸ ದಾರದ ಉಂಡೆಗಳನ್ನು ತಂದಿದ್ದರು, ಎಲ್ಲವೂ ಒಂದೇ ಉದ್ದದವು. ಬಾವಿಯ ಕಂಬಕ್ಕೆ ತುದಿ ಕಟ್ಟಿ ಟೈಲರಕ್ಕ ಮುಂದೆ ನಡೆದಳು. ನಾದಿನಿ ಹಿಂದೆ ಉಂಡೆ ಬಿಚ್ಚುತ್ತ ಬಂದಳು.

"ಏನು ಟೈಲರಕ್ಕ, ಊರಿಗೆ ಹೊಲಿಗೆ ಹಾಕ್ತಿದ್ದೀಯಾ?" ಯಾರೋ ಕೇಳಿದರು.

"ಹಾಕಿದ್ದು ಕೆಟ್ಟಿದೆ. ಬಿಚ್ಚೋಕೆ ಬಂದಿದೀನಿ" ಅಂದಳು.

ಮೇಲಿನ ಬೀದಿಯ ಕೊನೆಯ ಮನೆಗೆ ಎರಡೇ ಉಂಡೆ ಸಾಕಾಯಿತು. ಬಾವಿಗೆ ವಾಪಸು ಬಂದು ಕೆಳಗಿನ ಬೀದಿಗೆ ಹೊರಟರೆ, ಮೂರು ಉಂಡೆ ಮುಗಿದರೂ ದಾರಿ ಇನ್ನೂ ಉಳಿದಿತ್ತು. ಅಷ್ಟರಲ್ಲಿ ಕುರಿಯವನ ಮಂದೆ ಅಡ್ಡ ಬಂತು. ಇಪ್ಪತ್ತು ಕುರಿ ಎಂಬತ್ತು ಕಾಲಿಗೂ ದಾರ ಸುತ್ತಿಕೊಂಡು ಒಂದೇ ಮೂಟೆಯಾಗಿ ನಿಂತವು. ಕುರಿಯವನು ಬೈಯುತ್ತ ಬಂದ, ಅಧ್ಯಕ್ಷೆಯನ್ನು ಕಂಡು ಬೈಗುಳ ನುಂಗಿದ, ಮಂಡಿಯೂರಿ ಒಂದೊಂದೇ ಕಾಲು ಬಿಡಿಸಿದ. ಬಿಡಿಸಿದ ದಾರ ಕೈಯಲ್ಲೇ ಇದ್ದುದರಿಂದ ಅವನೂ ಹಿಂದೆ ನಡೆದ. ಕೊನೆಯ ಮನೆಯ ಅಜ್ಜಿಯ ಬಾಗಿಲಿಗೆ ಐದನೆಯ ಉಂಡೆ ಮುಗಿಯಿತು. ಮುಪ್ಪಾದ ಕುರಿಯೊಂದು ಅಲ್ಲಿ ಸುಸ್ತಾಗಿ ಕೂತುಬಿಟ್ಟಿತು.

"ಕೊಡ ಹೊರದೆ ಬಂದೇ ನನಗೆ ಏದುಸಿರು ಬಂತಲ್ಲ" ಎಂದ ಕುರಿಯವನು ಅಜ್ಜಿಯ ಕೊಡವನ್ನೇ ನೋಡುತ್ತ.

ಬುಧವಾರ ಕಚೇರಿಯ ಕಿಟಕಿಗಳ ತುಂಬ ತಲೆಗಳಿದ್ದವು. ಟೈಲರಕ್ಕ ಖಾಲಿಯಾದ ಉಂಡೆಗಳ ರಟ್ಟಿನ ಸುರುಳಿಗಳನ್ನು ಮೇಜಿನ ಮೇಲೆ ನಿಲ್ಲಿಸಿದಳು. ಈ ಕಡೆ ಎರಡು, ಆ ಕಡೆ ಐದು. ಅಂಗೈಯನ್ನು ಪುಸ್ತಕದ ಮೇಲೆ ಇಡಲಿಲ್ಲ. ಕೈ ನಡುಗಿತು, ನಡುಗಲಿ ಎಂದು ಬಿಟ್ಟಳು.

"ಹೋದ ವಾರ ನಾನು ಅಳತೆ ತೆಗೀದೆ ಕತ್ತರಿ ಹಾಕಿದೆ. ಅದು ನನ್ನ ತಪ್ಪು. ಇದನ್ನ ದೇವರ ತಲೆಗೆ ಕಟ್ಟಬೇಡಿ. ಅಳತೆ ಇಲ್ಲಿದೆ, ಯಾರು ಬೇಕಾದ್ರೂ ನಡೆದು ನೋಡಿ. ಪೈಪು ಕೆಳಗಿನ ಬೀದಿಗೆ ಹೋಗಬೇಕು ಅಂತ ನಾನು ಹೇಳ್ತಿದೀನಿ. ಮೇಲಿನ ಬೀದಿಗೆ ಬರೋ ವರ್ಷ."

ಗಿರಣಿಯವನು ಎದ್ದ. "ಅದು ಹೇಗಾಗುತ್ತೆ ಅಕ್ಕ? ದೇವರು ಆಡಿದ ಮಾತನ್ನ ನೀನು ತಿರುಗಿಸ್ತೀಯಾ?"

"ದೇವರು ಆಡಲಿಲ್ಲ ಅಣ್ಣ. ನಾನು ಕಣ್ಣು ಬಿಟ್ಟಾಗ ನೀನು ಎದುರಿಗೆ ಕೂತಿದ್ದೆ, ಅಷ್ಟೇ."

ಕಿಟಕಿಗಳಿಂದ ನಗು ಒಳಗೆ ನುಗ್ಗಿತು. ಗಿರಣಿಯವನು ಸುತ್ತ ನೋಡಿ, ತಾನೂ ನಕ್ಕು, "ಹಾಗಾದ್ರೆ ಏಳು ದಿನ ನಾನೇ ದೇವರಾಗಿದ್ದೆ ಅನ್ನಿ. ಮನೇಲಿ ಹೇಳ್ತೀನಿ, ಮರ್ಯಾದೆ ಸಿಗಬಹುದು" ಅಂದ. ಮತಕ್ಕೆ ಹಾಕಿದಾಗ ಕುರಿಯವನು ನಿದ್ದೆ ಹೋಗದೆ ಕೆಳಗಿನ ಬೀದಿಗೆ ಕೈ ಎತ್ತಿದ. "ನಾನೊಬ್ಬ ವಿರೋಧ, ಬರ್ಕೋ" ಎಂದು ಗಿರಣಿಯವನು ಗುಮಾಸ್ತನಿಗೆ ಎರಡು ಸಲ ಹೇಳಿ, ಬರೆದದ್ದನ್ನು ಬಗ್ಗಿ ನೋಡಿ ಕೂತ.

ಉಳಿದದ್ದು ಮೇಷ್ಟ್ರ ಕಾಗದ. ಗುಮಾಸ್ತ ಅದನ್ನು ಓದಿ ಹೇಳಿದ.

"ಪ್ರಾರ್ಥನೆ ಬಿಡೋಕೆ ನನ್ನಿಂದಾಗಲ್ಲ" ಅಂದಳು ಟೈಲರಕ್ಕ. "ಇವತ್ತು ಮಾಡದೆ ಮಾತಾಡಿದೆ. ನೋಡಿ, ಇನ್ನೂ ಬೆರಳು ನಿಂತಿಲ್ಲ. ಕುರ್ಚಿ ಬಿಡಬೇಕು ಅಂದ್ರೆ ಬಿಡ್ತೀನಿ. ಅಂಗಡೀಲಿ ಹೊಲಿಯೋಕೆ ಬೇಕಾದಷ್ಟಿದೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಸುರುಳಿಗಳನ್ನು ಒಮ್ಮೆ ಎಣಿಸಿದರು. "ಅಧ್ಯಕ್ಷರೇ, ನಾನು ಕೇಳಿದ್ದು ಜಗಳ ಆಡೋಕೆ ಒಬ್ಬ ಮನುಷ್ಯ ಎದುರಿಗೆ ಇರಲಿ ಅಂತ. ಇವತ್ತು ಇದ್ದೀರಿ. ನನ್ನ ಕಾಗದಕ್ಕೆ ನಾನೇ ತಿದ್ದುಪಡಿ ತರ್ತೀನಿ. ಪ್ರಾರ್ಥನೆ ಬಾಗಿಲಿನ ಆಚೆ, ಜಗಲಿ ಮೇಲೆ. ಅಲ್ಲಿ ಎಷ್ಟು ಹೊತ್ತು ಬೇಕಾದ್ರೂ ಮಾಡಿ. ಬಾಗಿಲಿನ ಈಚೆ ಲೆಕ್ಕ, ಕಾರಣ, ಜಗಳ. ಯಾವ ತೀರ್ಮಾನಕ್ಕೂ ದೇವರ ರುಜು ಬೇಡ, ನಿಮ್ಮದೇ ಸಾಕು."

ಐದೂ ಕೈಗಳು ಮೇಲೆದ್ದವು. ಟೈಲರಕ್ಕನ ಕೈ ಎಲ್ಲಕ್ಕಿಂತ ಮೇಲಿತ್ತು.

ಮುಂದಿನ ಬುಧವಾರ ಸದಸ್ಯರೆಲ್ಲ ಒಳಗೆ ಕೂತ ಮೇಲೆ ಅವಳು ಜಗಲಿಯಲ್ಲಿ ನಿಂತಳು. ಗುಮಾಸ್ತ ಬಾಗಿಲನ್ನು ಶಾಸ್ತ್ರಬದ್ಧವಾಗಿ ಎಳೆದುಕೊಂಡ. ಬಾಗಿಲಿಗೆ ಎರಡು ಮಾರು ದೂರದಲ್ಲಿ ತೆರೆದ ಕಿಟಕಿಯಿತ್ತು. ಅದರ ಮಾತು ಠರಾವಿನಲ್ಲಿ ಇರಲಿಲ್ಲ.

"ದೇವರೇ, ಕೆಳಗಿನ ಬೀದಿಯ ಅಗೆತ ನಡೀತಿದೆ, ಬಂಡೆ ಸಿಗದ ಹಾಗೆ ನೋಡ್ಕೋ. ಅಜ್ಜಿ ಭುಜಕ್ಕೆ ವಿಶ್ರಾಂತಿ ಸಿಗಲಿ. ಗಿರಣಿಯಣ್ಣನ ಮಷೀನಿನ ಬೆಲ್ಟು ಮತ್ತೆ ಹರೀದಿರಲಿ, ಹೊಲಿಯೋಕೆ ನನ್ನ ಹತ್ರಾನೇ ತರ್ತಾನೆ." ಕಚೇರಿಯೊಳಗೆ ಒಂದೊಂದು ಪದವೂ ನೀಟಾಗಿ ಬಂದು ಬೀಳುತ್ತಿತ್ತು. ಬಡಗಿ ಮೇಜಿನ ಮರದ ಗಂಟು ನೋಡುತ್ತಿದ್ದ, ಗಿರಣಿಯವನು ತಲೆಯಾಡಿಸುತ್ತಿದ್ದ. "ಮೇಷ್ಟ್ರು ದೊಡ್ಡ ಮನಸ್ಸಿನವರು. ನಿನ್ನ ಪರಿಚಯ ಇಲ್ಲ ಅಂತಾರೆ, ಬೇಜಾರು ಮಾಡ್ಕೋಬೇಡ. ಅವರ ಎಡ ಮಂಡಿ ನೋವು ಬೇಗ ವಾಸಿಯಾಗಲಿ."

ಮೇಷ್ಟ್ರು ಕುರ್ಚಿಯಲ್ಲಿ ಮಿಸುಕಾಡಿದರು. ಚಾವಣಿ ನೋಡಿದರು. ನಲವತ್ತು ವರ್ಷ ಮಕ್ಕಳ ತಪ್ಪು ತಿದ್ದಿದ ಮನುಷ್ಯ, ಎಷ್ಟೆಂದು ತಡೆದುಕೊಂಡಾರು.

"ಬಲ" ಎಂದರು ಕಿಟಕಿಯ ಕಡೆಗೆ.

ಜಗಲಿಯಿಂದ ಅದೇ ದೊಡ್ಡ ದನಿ, "ಬಲ ಮಂಡಿಯಂತೆ ದೇವರೇ. ನೋಡದೆ ಹೇಳಿಬಿಟ್ಟೆ" ಅಂದಿತು.

"ಇದನ್ನ ಬರ್ಕೊಳ್ಳಲಾ ಸಾರ್?" ಗುಮಾಸ್ತ ಪೆನ್ನು ಹಿಡಿದು ಕೇಳಿದ.

"ಬಾಗಿಲಿನ ಆಚೆಯ ವಿಷಯ" ಎಂದು ಮೇಷ್ಟ್ರು ಬಲಗಾಲನ್ನು ಮೆಲ್ಲಗೆ ನೀಡಿಕೊಂಡರು. "ಬಾಗಿಲು ತೆಗಿ, ಜಗಳ ಶುರುವಾಗಲಿ."