ಬೆಡೋಕಿನ ಹಳೆಯ ಬೇಸ್ ಗಿಟಾರು

ಜುರಾಂಗ್ ಐಲ್ಯಾಂಡಿನ ತೈಲ ಕಾರ್ಖಾನೆಯ ಕಂಪ್ರೆಸರುಗಳ ಗದ್ದಲದಲ್ಲಿ ಇಪ್ಪತ್ತೆರಡು ವರ್ಷ ದುಡಿದ ಗಿರಿಧರ್‌ಗೆ ಕಿವಿ ಮಂದವಾಗಿರುವುದು ಗೊತ್ತಾದದ್ದು ಕಂಪನಿಯ ವೈದ್ಯಕೀಯ ತಪಾಸಣೆಯಲ್ಲಿ. ಮೇಲಿನ ಸ್ಥಾಯಿಯ ಸ್ವರಗಳು ಕೇಳಿಸುತ್ತಿಲ್ಲ, ತಗ್ಗಿನವು ಚೆನ್ನಾಗಿ ಕೇಳಿಸುತ್ತವೆ ಎಂದರು ಡಾಕ್ಟರು. ಪಿಟೀಲು ಕಚೇರಿಗಳನ್ನು ತಪ್ಪಿಸದವನು ಆಮೇಲೆ ಹೋಗುವುದನ್ನೇ ಬಿಟ್ಟ. ಕಮಾನು ಆಡುವುದು ಕಾಣುತ್ತಿತ್ತು, ನಾದ ಮಾತ್ರ ಸಪ್ಪೆ.

ಒಂದು ದಿನ ಫೋನಿನಲ್ಲಿ, ತಗ್ಗಿನ ಸ್ವರಗಳನ್ನಷ್ಟೇ ನುಡಿಸುವ ಹಳೆಯ ಬೇಸ್ ಗಿಟಾರೊಂದರ ಜಾಹೀರಾತು ಕಂಡಿತು. ತೊಂಬತ್ತು ಡಾಲರ್. ವಾರವಿಡೀ ಕಂಪನಿ ಬಸ್ಸಿನಲ್ಲಿ ಅದನ್ನೇ ತೆಗೆದು ನೋಡಿದ. ಐವತ್ತೊಂದರ ವಯಸ್ಸಿನಲ್ಲಿ ಕಲಿಯುವುದೆಂದರೇನು, ಕಲಿತು ಯಾರ ಮುಂದೆ ನುಡಿಸುವುದು? ಆದರೂ ಶನಿವಾರ ಬೆಳಿಗ್ಗೆ ಮಗಳು ಪ್ರಣತಿಯನ್ನು ಕರೆದುಕೊಂಡು ಬೆಡೋಕ್ ಬಡಾವಣೆಗೆ ಹೋದ.

ಮಾರುವವರು ಲಿಮ್ ಎಂಬ ವೃದ್ಧರು. ತಮ್ಮ ಕಟ್ಟಡದ ವಾಯ್ಡ್ ಡೆಕ್‌ನ, ಅಂದರೆ ನೆಲಮಹಡಿಯ ತೆರೆದ ಜಾಗದ, ಕಲ್ಲುಬೆಂಚಿನ ಮೇಲೆ ಗಿಟಾರನ್ನೂ ಪುಟ್ಟ ಸ್ಪೀಕರನ್ನೂ ಇಟ್ಟುಕೊಂಡು ಕಾದಿದ್ದರು. ಗಿರಿಧರ್ ಅದನ್ನು ತೊಡೆಯ ಮೇಲಿಟ್ಟುಕೊಂಡು ದಪ್ಪ ತಂತಿ ಮೀಟಿದ. ಸದ್ದು ಕಿವಿಗಿಂತ ಮೊದಲು ಎದೆಗೂಡಿಗೆ ಬಂತು. ಮತ್ತೆ ಮೀಟಿದ. ಎಷ್ಟೋ ದಿನಗಳ ಮೇಲೆ ಒಂದು ಸ್ವರ ಇಡಿಯಾಗಿ ಸಿಕ್ಕಿತ್ತು.

"ಅಪ್ಪಾ, ಝರ್ ಅಂತಿದೆ," ಎಂದಳು ಪ್ರಣತಿ. "ಕೇಳಿಸ್ತಿಲ್ವಾ?"

"ಯಾವಾಗ?"

"ಪ್ರತಿ ಸಲಾನೂ. ತಂತಿ ಎಲ್ಲೋ ಟಚ್ ಆಗ್ತಿದೆ."

ಪ್ರಣತಿ ಇಂಗ್ಲಿಷಿನಲ್ಲಿ ಕೇಳಿದಾಗ ಲಿಮ್ ಮುಚ್ಚುಮರೆ ಮಾಡಲಿಲ್ಲ. ಗಿಟಾರಿನ ಉದ್ದ ಹಿಡಿ ಬಾಗಿ ತಂತಿ ತಗಲುತ್ತದೆ, ಅದಕ್ಕೇ ಇಷ್ಟು ಅಗ್ಗ, ರಿಪೇರಿಗೆ ಇದರ ಬೆಲೆಗಿಂತ ಹೆಚ್ಚಾದೀತು ಎಂದರು. ಇತರರ ಜೊತೆ ನುಡಿಸುವುದಾದರೆ ಬೇಡ, ಒಬ್ಬರೇ ಆದರೆ ನೀವೇ ಯೋಚಿಸಿ ಎಂದೂ ಹೇಳಿದರು.

ಕಿವಿಯ ವಿಷಯ ಗಿರಿಧರ್ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

"ನಂಗೆ ಆ ಸದ್ದು ಕೇಳಿಸಲ್ಲ ಪುಟ್ಟಿ," ಎಂದ. "ಒಂದು ವರ್ಷ ಆಯ್ತು."

ಪ್ರಣತಿ ತಂತಿಯ ಮೇಲೆ ಬೆರಳಿಟ್ಟು ಅದರ ಅದುರು ನಿಲ್ಲಿಸಿದಳು. ಪಿಟೀಲು ಕಚೇರಿಗೆ ಕರೆದಾಗಲೆಲ್ಲ ಅವನು ಸುಸ್ತು ಎಂದು ನೆಪ ಹೇಳಿದ್ದು ಅವಳಿಗೆ ನೆನಪಾಗಿರಬೇಕು.

"ಅಮ್ಮಂಗೆ ಗೊತ್ತಾ?"

"ಇಲ್ಲ."

"ಹೇಳ್ಬೇಕಪ್ಪ."

"ಹೇಳ್ತೀನಿ. ಇದನ್ನ ತಗೊಂಡ್ರೆ ನಿಮಗೆಲ್ಲ ಹಿಂಸೆ ಆಗುತ್ತೇನೋ."

"ಆಗುತ್ತೆ," ಎಂದಳು ಪ್ರಣತಿ, ಅಲ್ಲಿಯವರ ಮಾತಿನ ಧಾಟಿಯಲ್ಲಿ. "ಪರವಾಗಿಲ್ಲ ಲಾ, ರೂಮಿನ ಡೋರ್ ಹಾಕ್ಕೋತೀನಿ."

ಗಿರಿಧರ್ ಇನ್ನೊಮ್ಮೆ ತಂತಿ ಮೀಟಿ, ಅದರ ಕಂಪನ ಅಡಗುವವರೆಗೂ ಕಾದು, ಚೌಕಾಸಿ ಮಾಡದೆ ದುಡ್ಡು ಕೊಟ್ಟ.

ಮನೆಗೆ ಬಂದು, ಚಪ್ಪಲಿ ಬಿಟ್ಟವನೇ ಹೆಂಡತಿ ಶುಭಾಗೆ ಎಲ್ಲ ಹೇಳಿದ. ಅವಳು ಬೈಯಲಿಲ್ಲ. ಮುಂದಿನ ವಾರಕ್ಕೆ ಕಿವಿ ಡಾಕ್ಟರ ಅಪಾಯಿಂಟ್‌ಮೆಂಟ್ ಬುಕ್ ಮಾಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಎದುರು ಕೂತು, "ಎಲ್ಲಿ, ನುಡಿಸಿ," ಎಂದಳು.