ಬಾಳೆಹಣ್ಣಿನ ಕೇಕು ಮತ್ತು ನನ್ನ ಮೂಗು

ಮೆಟ್ರೋದಲ್ಲಿ ಯಾರಾದರೂ ಕನ್ನಡ ಮಾತಾಡಿದ್ದು ಕಿವಿಗೆ ಬಿದ್ದರೆ ಸಾಕು, ಅಂಥವರನ್ನು ನನ್ನ ಗಂಡ ಇಂದುಶೇಖರ ಮನೆಗೆ ಕರೆದುಬಿಡುತ್ತಾರೆ. ಆ ಸಲ ಸಿಕ್ಕವರು ಪ್ರಜ್ವಲ್, ಲಾವಣ್ಯಾ ಎಂಬ ಹೊಸ ಜೋಡಿ. ಇಬ್ಬರಿಗೂ ನೋಯ್ಡಾದಲ್ಲಿ ಕೆಲಸ, ಬಂದು ಇನ್ನೂ ತಿಂಗಳಾಗಿಲ್ಲ. ಭಾನುವಾರ ಬನ್ನಿ, ನಮ್ಮ ಶೈಲಜಾ ಬಾಳೆಹಣ್ಣಿನ ಕೇಕ್ ಮಾಡುತ್ತಾಳೆ ಎಂದೂ ಹೇಳಿ ಬಂದಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

ಹಿಂದಾಗಿದ್ದರೆ ಉರಿಯುತ್ತಿರಲಿಲ್ಲ. ಕರ್ನಾಟಕದಿಂದ ವರ್ಗವಾಗಿ ಬಂದ ಎಷ್ಟೋ ಸಂಸಾರಗಳು ದಿಲ್ಲಿಯ ಮೊದಲ ಭಾನುವಾರ ಕಳೆದದ್ದು ಮಯೂರ್ ವಿಹಾರಿನ ನಮ್ಮ ಫ್ಲಾಟಿನಲ್ಲೇ. ಬಿಸಿ ಕೇಕಿನ ತುಂಡು ಕೈಗೆ ಬಂದ ಮೇಲೆ ಅತ್ತವರೂ ಉಂಟು, ನಕ್ಕವರೂ ಉಂಟು. ಅದು ನನ್ನ ಹೆಮ್ಮೆ, ಮುಚ್ಚಿಟ್ಟು ಏನಾಗಬೇಕು. ಕೊರೋನಾ ಬಂದು ಹೋಗುವಾಗ ನನ್ನ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮಲ್ಲಿಗೆಯೂ ಒಂದೇ, ಮೋರಿಯೂ ಒಂದೇ. ವಾಸನೆ ತಿರುಗಿ ಬರಬಹುದು, ಬರದೆಯೂ ಇರಬಹುದು ಅಂದರು ಡಾಕ್ಟರು. ಅಷ್ಟು ಹೇಳಲು ನಾನೇ ಸಾಕಿತ್ತು.

ಆದರೂ ಕೇಕ್ ಮಾಡುವುದನ್ನು ಬಿಟ್ಟಿರಲಿಲ್ಲ. ನಮ್ಮಲ್ಲಿ ದೇವರಿಗೆ ನೈವೇದ್ಯ ಆಗದೆ ಏನನ್ನೂ ರುಚಿ ನೋಡುವಂತಿಲ್ಲ. ಆದ ಮೇಲೂ ಮೊದಲ ತುಂಡು ಅತಿಥಿಗೆ. ಕೇಕಿಗೂ ಅದೇ ನಿಯಮ, ಹಾಗಾಗಿ ನನ್ನ ಅಂದಾಜೆಲ್ಲ ವಾಸನೆಯದ್ದೇ. ಒಂದು ಭಾನುವಾರ ಕೆಟ್ಟ ಬೆಣ್ಣೆ ಹಾಕಿದ್ದು ಗೊತ್ತೇ ಆಗಲಿಲ್ಲ. ದೇವರು ಸುಮ್ಮನಿದ್ದ. ಬಂದ ಗಂಡ ಹೆಂಡತಿ ಸಂಕೋಚಕ್ಕೆ ಬಿದ್ದು, ಚೆನ್ನಾಗಿದೆ ಅನ್ನುತ್ತಾ ನುಂಗಿದರು. ಅವರ ಪುಟ್ಟ ಮಗಳು ಮಾತ್ರ ತಟ್ಟೆ ದೂಡಿ, ಆಂಟಿ ಇದು ನಾರುತ್ತೆ ಎಂದು ಹಿಂದಿಯಲ್ಲಿ ಹೇಳಿದಳು. ಅವರು ಹೋದ ಮೇಲೆ ಓವನ್ ಒರೆಸಿ ಬಟ್ಟೆ ಹೊದಿಸಿಬಿಟ್ಟೆ. ಆಮೇಲೆ ಯಾರನ್ನೂ ಕರೆಯಲಿಲ್ಲ. ಮನೆಗೆ ಬಂದವರಿಗೆ ಕೈಯಾರೆ ಮಾಡಿ ಕೊಡಲಾಗದ ಶೈಲಜಾ ಯಾರು ಅನ್ನುವುದೇ ನನಗೆ ತಿಳಿಯದಾಗಿತ್ತು.

"ಇವತ್ತು ನಿನ್ನ ಮೂಗು ನಾನು" ಅಂದರು ಇವರು, ಪ್ರಜ್ವಲ್ ಜೋಡಿ ಬರುವ ಭಾನುವಾರ ಬೆಳಿಗ್ಗೆ. ಬೆಣ್ಣೆ, ಹಾಲು, ಬಾಳೆಹಣ್ಣು ಒಂದೊಂದನ್ನೂ ಮೂಸಿ, ಫೈಲಿಗೆ ಸಹಿ ಹಾಕುವ ಗಾಂಭೀರ್ಯದಲ್ಲಿ ಪಾಸ್ ಮಾಡಿದರು. ಗಡಿಯಾರ ನೋಡಿ ಇಳಿಸೋಣವೆಂದರೆ ನಮ್ಮ ಮುದಿ ಓವನ್ ದಿನಕ್ಕೊಂದು ಥರ ಕಾಯುತ್ತದೆ. ಪರಿಮಳ ಬಂದ ಕೂಡಲೇ ಆರಿಸಬೇಕು, ಅಲ್ಲಿಂದ ಕದಲಕೂಡದು ಎಂದು ಹೇಳಿ ಅಡುಗೆಮನೆಯಲ್ಲೇ ಕೂರಿಸಿದೆ.

ಕೂತದ್ದು ಎಷ್ಟು ಹೊತ್ತು? ಬಂದ ಪ್ರಜ್ವಲ್ ಇವರ ಊರು ದಾವಣಗೆರೆಯವನೇ ಎಂದು ಗೊತ್ತಾಯಿತು, ಅಲ್ಲಿಗೆ ಮುಗಿಯಿತು. ಇವರು ಅಡುಗೆಮನೆ ಬಿಟ್ಟು ಬಂದು ಸೋಫಾದಲ್ಲಿ ಕೂತು, ಬೆಣ್ಣೆದೋಸೆ ಎಲ್ಲಿಯದು ಚೆಂದ ಅಂತ ವಾದಕ್ಕಿಳಿದರು. ಲಾವಣ್ಯಾ ನನ್ನ ಪಕ್ಕದಲ್ಲಿ ಕೂತು, ಬಾಡಿಗೆ ಮನೆ ಹುಡುಕುವ ಕಷ್ಟ ಹೇಳಿಕೊಳ್ಳುತ್ತಿದ್ದಳು. ಪಾಪ, ಇಲ್ಲಿ ಇರಲಾರೆ ಅನ್ನುವಷ್ಟು ಸೋತಿದ್ದಳು. ಅವಳ ಮಾತಿನಲ್ಲಿ ನನಗೂ ಓವನ್ ಮರೆತೇಹೋಯಿತು.

ಮೂಗಿನೊಳಗೆ ಏನೋ ಚುರುಕ್ ಅಂತು. ಮೊದಲು ಅದೇನೆಂದೇ ತಿಳಿಯಲಿಲ್ಲ. ಆಮೇಲೆ, ಅಮ್ಮ ಬೆಲ್ಲದ ಪಾಕ ಸೀಯಿಸಿದಾಗ ಮನೆಯೆಲ್ಲ ತುಂಬುತ್ತಿದ್ದ ಕಹಿ ಘಾಟು ನೆನಪಾಯಿತು.

"ಏನೋ ಸೀಯ್ತಾ ಇದೆ" ಅಂದೆ.

ಹೊರಗಡೆ ಯಾರೋ ಎಲೆ ಸುಡುತ್ತಿರಬೇಕು ಅಂದರು ಇವರು. ದಿಲ್ಲಿಯ ನವೆಂಬರಿನಲ್ಲಿ ಸುಟ್ಟ ವಾಸನೆಯನ್ನು ಯಾರು ತಾನೇ ಲೆಕ್ಕಕ್ಕಿಡುತ್ತಾರೆ. ದೋಸೆಯ ವಾದ ಮುಂದುವರಿಯಿತು. ಇದ್ದಕ್ಕಿದ್ದಂತೆ ಇವರು ಅರ್ಧ ಮಾತಿನಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ನೀನು ಏನಂದೆ?"

"ಕೇಕ್ ಸೀಯ್ತಾ ಇದೆ ರೀ. ನನಗೆ ವಾಸನೆ ಬರ್ತಾ ಇದೆ."

ಅವರು ಎದ್ದು ನಿಂತವರು ನಿಂತೇ ಇದ್ದರು. ಓಡಿದವಳು ನಾನು. ಕೇಕು ಇದ್ದಿಲಾಗಿತ್ತು. ಆ ಹೊಗೆಗೆ ಮುಖ ಒಡ್ಡಿ ಎಳೆದುಕೊಂಡೆ, ಕೆಮ್ಮಿದೆ, ಮತ್ತೆ ಎಳೆದುಕೊಂಡೆ. ಕಣ್ಣಲ್ಲಿ ಧಾರಾಕಾರ ನೀರು. ಲಾವಣ್ಯಾ ಓಡಿ ಬಂದು ನನ್ನ ಬೆನ್ನು ಸವರುತ್ತಾ, ಪರವಾಗಿಲ್ಲ ಆಂಟಿ, ಮೇಲಿನದು ಕೆರೆದರೆ ಒಳಗೆ ಚೆನ್ನಾಗಿರುತ್ತೆ ಎಂದು ಸಮಾಧಾನ ಮಾಡಿದಳು. ಕೇಕಿಗಾಗಿ ಅಳುತ್ತಿದ್ದೇನೆ ಅಂದುಕೊಂಡಿದ್ದಳು ಹುಡುಗಿ. ಇವರೇ ಬಾಗಿಲಲ್ಲಿ ನಿಂತು, ತಡವರಿಸುತ್ತಾ ಎಲ್ಲ ಹೇಳಿದರು. ನನಗೆ ಅವರನ್ನು ಬೈಯಬೇಕೆಂದೇ ಅನ್ನಿಸಲಿಲ್ಲ, ಅದೂ ಒಂದು ಪವಾಡವೇ.

ಏಲಕ್ಕಿ ಡಬ್ಬಿ ತೆಗೆದು ಮೂಸಿದೆ. ಏನೂ ಇಲ್ಲ. ಕಾಫಿಪುಡಿ ಮೂಸಿದೆ. ಬಂತೋ ಇಲ್ಲವೋ, ಹೇಳಲಾರೆ. ಬೇಸರವಾಗಲಿಲ್ಲ. ಒಂದಕ್ಕೆ ದಾರಿ ಸಿಕ್ಕಿದೆ, ಉಳಿದವೂ ನಿಧಾನಕ್ಕೆ ಬರಲಿ.

ಅತಿಥಿಗಳು ಸಂಕೋಚದಿಂದ, ಇನ್ನೊಮ್ಮೆ ಬರುತ್ತೇವೆ ಎಂದು ಚಪ್ಪಲಿ ಹುಡುಕತೊಡಗಿದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಕೂತ್ಕೊಳ್ಳಿ ಇಬ್ಬರೂ. ಬಾಳೆಹಣ್ಣು ಇನ್ನೂ ಇದೆ, ಇನ್ನೊಂದು ಮಾಡ್ತೀನಿ."

ಅವರು ಕೂತರು. ಈ ಸಲ ಓವನ್ನಿನ ಮುಂದೆ ನಾನೇ ಕಾದೆ.