ಮೂರನೇ ವಾಲ್ವ್

ಪ್ರಬುದ್ಧ ಅಪ್ಪನ ಗಿಟಾರನ್ನ ಕೊಟ್ಟುಬಿಡಾಕ ಹೊಂಟಿದ್ದ. ಅದೂ ಹೆಬ್ಬೆಟ್ಟಿನಷ್ಟು ಗಾಜಿನ ವಾಲ್ವಿಗೆ, ಹಳೇ ರೇಡಿಯೋದಾಗ ಬಲ್ಬಿನಂಗ ಬೆಳಗ್ತದಲ್ಲ, ಅದಕ್ಕ. ಹುಚ್ಚ ಅನ್ರಿ, ಏನರ ಅನ್ರಿ, ಅವ ಯಾರ ಮಾತೂ ಕೇಳೂ ಪೈಕಿ ಅಲ್ಲ.

ಅಪ್ಪ ದತ್ತಪ್ಪ ಭೀಮಗೀತೆ ಮೇಳದಾಗ ಗಿಟಾರ್ ಬಾರಿಸ್ತಿದ್ದ, ಅವ್ವ ಮಾನಮ್ಮ ಹಾಡ್ತಿದ್ದಳು. ಅವ ತೀರಿಕೊಂಡ ಮ್ಯಾಲೆ ಅವನ ಹಳೇ ಆಂಪ್ಲಿಫೈಯರಿನ ವಾಲ್ವ್ ಒಡೀತು. ಹೊಸದು ಹಾಕಿ ಪ್ರಬುದ್ಧ ಬಾರಿಸಿದರ ಅವ್ವನ ಬಾಯಿಂದ ಹಾಡೇ ಹೊಂಡಲಿಲ್ಲ. "ಇದು ನಿಮ್ಮಪ್ಪನ ದನಿ ಅಲ್ಲಪ್ಪಾ" ಅಂದು ಕುಂತುಬಿಟ್ಟಳು. ನಾಳೆ ದತ್ತಪ್ಪನ ವರ್ಷದ ನೆನಪಿನ ಕಾರ್ಯಕ್ರಮ. ಅವ್ವ ಹಾಡಲೇಬೇಕು ಅನ್ನೂದು ಪ್ರಬುದ್ಧನ ಹಟ.

ಕಮಲಾಪುರದಾಗ ಹಳೇ ರೇಡಿಯೋ ರಿಪೇರಿ ಮಾಡೂ ನದೀಮ್, "ಅಂಥಾದೇ ಹಳೇ ವಾಲ್ವ್ ನನ್ನತ್ರ ಅದ. ರೊಕ್ಕ ಬ್ಯಾಡ, ನಿಮ್ಮಪ್ಪನ ಗಿಟಾರ್ ಕೊಡು" ಅಂದಿದ್ದ. ದನಿ ಇರೂದು ವಾಲ್ವಿನಾಗ, ಗಿಟಾರ್ ನನ್ನದೇ ಒಂದು ಅದ ಅಂತ ಪ್ರಬುದ್ಧ ಒಪ್ಪಿಕೊಂಡ. ಎಲ್ಲಾ ಹೊತಗೊಂಡು, ಅವ್ವನ್ನೂ ಕರಕೊಂಡು ಕುಸನೂರಿಂದ ಬಂದ.

ಮಾನಮ್ಮನ್ನ ಅಂಗಡಿಯ ಪರದೆ ಹಿಂದ ಕೂಡಿಸಿದರು. ನದೀಮ್ ಎರಡು ಹೊಸ ವಾಲ್ವ್, ಒಂದು ತನ್ನ ಹಳೇದು ಮುಂದಿಟ್ಟ. ಯಾವ ವಾಲ್ವ್ ಹಾಕ್ಯಾರ ಅಂತ ಕಣ್ಣಿಗೆ ಕಾಣಬಾರದು, ಕಿವಿ ಅಷ್ಟೇ ಹೇಳಬೇಕು. ಪ್ರಬುದ್ಧ ಮೊದಲನೇದು ಕೂಡಿಸಿ, ತಂತಿ ಮೀಟೂ ಪಿಕ್ ಬೆರಳಾಗ ಹಿಡಿದು ತನ್ನ ಗಿಟಾರ್ ಬಾರಿಸಿದ.

"ತಗಡು ಬಡದಂಗ ಅದ."

ಎರಡನೇದು. "ಬ್ಯಾಡಪ್ಪಾ."

ಪ್ರಬುದ್ಧಗ ತಡಿಯಲಿಲ್ಲ. ನದೀಮ್ ಅರಿವಿ ತರೂದರಾಗ ಸುಡೂ ವಾಲ್ವನ್ನ ಬರಿಗೈಲೆ ಕಿತ್ತ, ತೋರುಬೆರಳು ಚುರ್ ಅಂತು. ಬೆರಳು ಊದಿಕೋತ ನದೀಮನ ಹಳೇ ವಾಲ್ವ್ ಕೂಡಿಸಿದ. ಪಿಕ್ ಹಿಡಿಯಾಕ ಬರಲಿಲ್ಲ, ಹಂಗೇ ಬಾರಿಸಿದ.

ಪರದೆ ಹಿಂದಿಂದ ಮಾನಮ್ಮ ಹಾಡಾಕತ್ತಳು. ಅಪ್ಪ ಹೋದ ಮ್ಯಾಲೆ ಮೊದಲ ಸಲ. ಪ್ರಬುದ್ಧಗೂ ಅಪ್ಪನೇ ಕೇಳಿಸಿದ್ದ.

"ಮಾತು ಮುಗೀತಲ್ಲ, ತಮ್ಮಾ" ಅಂತ ನದೀಮ್ ದತ್ತಪ್ಪನ ಗಿಟಾರ್ ಹೆಗಲಿಗೇರಿಸಿದ. ವಾಲ್ವ್ ಕಿತ್ತು ಅರಿವ್ಯಾಗ ಸುತ್ತಾಕತ್ತ. ಪ್ರಬುದ್ಧ ತೊಡಿಮ್ಯಾಲಿನ ಗಿಟಾರ್ ಇಳಿಸಾಕ ಹೋದ, ತಂತಿಗೆ ಕೈ ತಾಗಿತು.

ಆಂಪ್ಲಿಫೈಯರ್ ದನಿ ಮಾಡಿತು.

ನದೀಮನ ಕೈ ಅಲ್ಲೇ ನಿಂತಿತು. ವಾಲ್ವ್ ಆ ಕೈಯಾಗೇ ಅದ. ಪ್ರಬುದ್ಧ ಮತ್ತ ಮೀಟಿದ. ಅದೇ ದನಿ ಬಂತು, ಒಂದಿಷ್ಟೂ ಕಮ್ಮಿ ಇಲ್ಲ.

ನದೀಮ್ ಆಂಪ್ಲಿಫೈಯರಿನ ಹಿಂದಿನ ಫಳಿ ಬಿಚ್ಚಿ ಬ್ಯಾಟರಿ ಹಿಡಿದು ನೋಡಿದ.

"ಯಾರೋ ರಿಪೇರಿ ಮಾಡುವಾಗ ವಾಲ್ವಿಗೆ ಬರೇ ಬೆಳಗಾಕ ಕರೆಂಟ್ ಕೊಟ್ಟಾರ. ದನಿ ಪೂರಾ ಈ ಸಣ್ಣ ಬೋರ್ಡಿನಾಗಿಂದ ಹೋಗ್ತದ. ವಾಲ್ವ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ."

ಪ್ರಬುದ್ಧಗ ಭೂಮಿ ಬಾಯಿ ಬಿಟ್ಟರ ಇಳಿದುಬಿಡಬೇಕು ಅನಿಸಿತು. "ಹಂಗಾದ್ರ ನೀ ಯಾಕ ಹಾಡಿದಿ, ಅವ್ವಾ? ಮೂರೂ ಒಂದೇ ಅಂತಲ್ಲ."

ಮಾನಮ್ಮ ಪರದೆ ಸರಿಸಿ ಬಂದು, ಬೊಬ್ಬೆ ಎದ್ದ ಅವನ ಬೆರಳು ನೋಡಿದಳು.

"ಕಡೀಕ ಹೆಂಗ ಬಾರಿಸಿದಿ?"

"ಹೆಬ್ಬೆಟ್ಟಿಲೆ."

"ನಿಮ್ಮಪ್ಪ ಸಾಯೂತನಕ ಹೆಬ್ಬೆಟ್ಟಿಲೇ ಬಾರಿಸಿದ. ನೀ ಹಳ್ಳಿ ಕೈ ಅಂತ ನಗ್ತಿದ್ದಿ."

ಹೌದು, ನಗ್ತಿದ್ದ, ಮೇಳದವರ ಎದುರಿಗೇ. ಅಪ್ಪನ ಮಾರಿ ಸಣ್ಣದಾಗ್ತಿದ್ದದ್ದು ಈಗ ಕಣ್ಣಿಗೆ ಕಟ್ಟಿತು.

ಅವ ನದೀಮನ ಹೆಗಲಿನ ಗಿಟಾರಿನ ಕಡೆ ಕೈ ಚಾಚಿದ. ನದೀಮ್ ವಾಲ್ವ್ ಜೇಬಿಗಿಟ್ಟು, ಗಿಟಾರ್ ಇಳಿಸಿ ಕೊಟ್ಟ.

"ನಾಳೆ ಇದನ್ನೇ ಬಾರಿಸು" ಅಂದಳು ಮಾನಮ್ಮ. "ಅಷ್ಟರಾಗ ಬೆರಳು ಮಾಯಬಾರದು ನೋಡು."